ಮದ್ದು ಜಡಿಯುವ ಕೋವಿಗೆ ಎಷ್ಟುದ್ದ ನಳಿಗೆ ಬೇಕು?

ಅಂಗಡಿಯ ಗೋಡೆಗೆ ಮೂರು ಕೋವಿ ಒರಗಿವೆ ಅಂದುಕೊಳ್ಳಿ. ಮೂರೂ ಬಾಯಿಯಿಂದ ಮದ್ದು ಗುಂಡು ತುಂಬುವಂಥವು. ಮೂರಕ್ಕೂ ಬೋರು, ಅಂದರೆ ನಳಿಗೆಯ ಒಳಗಿನ ತೂತಿನ ಅಗಲ, .50, ಅಂದರೆ ಅರ್ಧ ಇಂಚು. ಒಂದರ ನಳಿಗೆ 24 ಇಂಚು, ಇನ್ನೊಂದರದ್ದು 28, ಮೂರನೆಯದ್ದು 42. ಯಾವುದು ತಗೊಳ್ಳುವುದು? ಅಂಗಡಿಯವನನ್ನು ಕೇಳಿದರೆ ಹತ್ತರಲ್ಲಿ ಒಂಬತ್ತು ಸಲ ಒಂದೇ ಉತ್ತರ: "ಉದ್ದ ಇದ್ದಷ್ಟೂ ವೇಗ ಜಾಸ್ತಿ." ಮಾತು ಸುಳ್ಳಲ್ಲ. ಆದರೆ ಆ ವೇಗ ಎಷ್ಟು, ಅದರಿಂದ ನಿಮಗೇನು ಸಿಗುತ್ತದೆ ಅನ್ನುವುದನ್ನು ಅವನು ಹೇಳುವುದಿಲ್ಲ.

ನಾನು ಮಲೆನಾಡಿನವನು. ನಮ್ಮನೆ ಜಗಲಿಯ ಗೋಡೆಗೆ ಅಜ್ಜನ ಕೇಪಿನ ಕೋವಿ ತೂಗುತ್ತಿತ್ತು. ಬೆಳೆ ಕಾಯುವುದಕ್ಕೆಂದು ಲೈಸೆನ್ಸ್ ಇದ್ದ ಕೋವಿ. ಅಲ್ಲಿ ಬೇಟೆ 1972ರ ವನ್ಯಜೀವಿ ಕಾಯ್ದೆಯಿಂದ ನಿಂತುಹೋಯಿತು, ಅದು ಸರಿಯೇ. ಈಗ ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಇಲ್ಲಿ ಬಿಳಿಬಾಲದ ಜಿಂಕೆಗೆ ಲೈಸೆನ್ಸ್ ಪಡೆದು ಬೇಟೆ ಆಡಬಹುದು. 1974ರಿಂದ ಚಕಮಕಿ ಕೋವಿಗೆಂದೇ, ಅಂದರೆ ಕೇಪಿನ ಬದಲು ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವ ಕೋವಿಗೆಂದೇ, ಬೇರೆ ಋತು ಇದೆ. ಕ್ರಿಸ್ಮಸ್ ಮುಗಿದ ಮೇಲೆ, ಹಿಮದಲ್ಲಿ. ಈ ದೇಶಕ್ಕೆ ಬಂದು ಈ ಹವ್ಯಾಸ ಹಿಡಿದ ಕನ್ನಡದವರು ಆಗಾಗ ಕೇಳುವ ಮೊದಲ ಪ್ರಶ್ನೆಯೇ ನಳಿಗೆ ಉದ್ದದ್ದು. ಹಾಗಾಗಿ ಈ ಬರಹ ಅವರಿಗೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವೇಗಕ್ಕಾಗಿ ಉದ್ದ ಆರಿಸಬೇಡಿ. ನೀವು ಎಲ್ಲಿ ಕೂರುತ್ತೀರಿ, ನಿಮ್ಮ ಕಣ್ಣು ಹೇಗಿದೆ, ಎರಡನೇ ಈಡು ಹೇಗೆ ತುಂಬುತ್ತೀರಿ, ಈ ಮೂರನ್ನು ನೋಡಿ ಆರಿಸಿ.

ಮೊದಲು: ನಿಮ್ಮ ರಾಜ್ಯದ ನಿಯಮ ಓದಿ

ಇದು ಬೇಜಾರಿನ ಕೆಲಸ, ಆದರೆ ಅರ್ಧ ತೀರ್ಮಾನ ಇಲ್ಲೇ ಆಗಿಹೋಗುತ್ತದೆ. ಪೆನ್ಸಿಲ್ವೇನಿಯಾದ ಆ ಚಳಿಗಾಲದ ಋತುವಿನಲ್ಲಿ ಚಕಮಕಿ ಕೋವಿಯೇ ಬೇಕು, ದುರ್ಬೀನು ಹಾಕುವಂತಿಲ್ಲ. ಕೊಲೊರಾಡೊದಲ್ಲಿ ಕೇಪು ನಡೆಯುತ್ತದೆ, ಆದರೆ ಅಲ್ಲೂ ಈ ಕೋವಿಗಳ ಋತುವಿನಲ್ಲಿ ದುರ್ಬೀನು ಇಲ್ಲ, ಮದ್ದಿನ ಗುಳಿಗೆ ಇಲ್ಲ, ಬಿಡಿ ಪುಡಿಯನ್ನೇ ಹಾಕಬೇಕು. ಇನ್ನು ಎಷ್ಟೋ ರಾಜ್ಯಗಳಲ್ಲಿ ದುರ್ಬೀನು ಹಾಕಿದ ಇನ್‌ಲೈನ್ ಕೋವಿ (ಕೇಪು ಪಕ್ಕದಲ್ಲಲ್ಲ, ನಳಿಗೆಯ ನೇರ ಹಿಂದೆ ಕೂರುವ ಹೊಸ ಬಗೆಯದು) ನಡೆಯುತ್ತದೆ.

ದುರ್ಬೀನು ಇದೆಯೋ ಇಲ್ಲವೋ ಅನ್ನುವುದಕ್ಕೂ ನಳಿಗೆ ಉದ್ದಕ್ಕೂ ಏನು ಸಂಬಂಧ? ಬಹಳ ಸಂಬಂಧ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮದ್ದಿನ ಲೆಕ್ಕ

ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಕಡಿಮೆ ಮಾತ್ರ ಅನಿಲವಾಗುತ್ತದೆ. ಮಿಕ್ಕಿದ್ದೆಲ್ಲ ಹೊಗೆ, ಮಸಿ. ಆ ಅನಿಲವೇ ಗುಂಡನ್ನು ತಳ್ಳಬೇಕು. ನಳಿಗೆ ಉದ್ದ ಇದ್ದರೆ ತಳ್ಳಲು ಹೆಚ್ಚು ಹೊತ್ತು ಸಿಗುತ್ತದೆ. ಆದರೆ ಮೊದಲ ಕೆಲವು ಇಂಚಿನಲ್ಲಿ ಇರುವ ಜೋರು ಆಮೇಲೆ ಇರುವುದಿಲ್ಲ. ಇಳಿಜಾರಿನಲ್ಲಿ ಗಾಡಿ ತಳ್ಳಿದ ಹಾಗೆ, ಮೊದಲ ನೂಕಿಗೆ ಓಡುತ್ತದೆ, ಆಮೇಲೆ ನೀವು ಹಿಂದೆ ಓಡುತ್ತಿರುತ್ತೀರಿ ಅಷ್ಟೆ.

.50 ಬೋರಿನ ಕೋವಿಗೆ ಬಟ್ಟೆ ತುಂಡಿನಲ್ಲಿ ಸುತ್ತಿ ಹಾಕುವ ಸೀಸದ ಉಂಡೆ ಸಾಮಾನ್ಯವಾಗಿ .490 ಇಂಚು, ತೂಕ ಸುಮಾರು 177 ಗ್ರೇನ್. (ಗ್ರೇನ್ ಅಂದರೆ ಹೆಚ್ಚುಕಡಿಮೆ ಗುಲಗಂಜಿಯ ಅರ್ಧ ತೂಕ. 15.4 ಗ್ರೇನ್ ಸೇರಿದರೆ ಒಂದು ಗ್ರಾಂ.) 28 ಇಂಚಿನ ನಳಿಗೆಯಲ್ಲಿ 90 ಗ್ರೇನ್ ಮದ್ದು ಹಾಕಿದರೆ ಈ ಉಂಡೆ ಸೆಕೆಂಡಿಗೆ ಸುಮಾರು 1800 ಅಡಿ ವೇಗದಲ್ಲಿ ಹೊರಗೆ ಬರುತ್ತದೆ. ಅಲ್ಲಿಂದ ಮುಂದೆ ನಳಿಗೆ ಒಂದೊಂದು ಇಂಚು ಬೆಳೆಸಿದರೆ ಸಿಗುವುದು ಸುಮಾರು 10 ಅಡಿ ಆಸುಪಾಸು. ಅಂದರೆ 28ರಿಂದ 32ಕ್ಕೆ ಹೋದರೆ 40 ಅಡಿ ಲಾಭ. ನೂರಕ್ಕೆ ಎರಡು ಪಾಲು. ಜಿಂಕೆಗೆ ಇದು ಗೊತ್ತೇ ಆಗುವುದಿಲ್ಲ.

ಇನ್ನೂ ಒಂದು ವಿಷಯ ಇದೆ. ಉಂಡೆ ದುಂಡಗಿರುವುದರಿಂದ ಗಾಳಿ ಅದನ್ನು ಚೆನ್ನಾಗಿ ಹಿಡಿದು ನಿಲ್ಲಿಸುತ್ತದೆ. ಜೋರಾಗಿ ಹೊರಟಷ್ಟೂ ಗಾಳಿಯ ತಡೆ ಜಾಸ್ತಿ. 100 ಯಾರ್ಡ್ ತಲುಪುವ ಹೊತ್ತಿಗೆ ಉದ್ದ ನಳಿಗೆ ಕೊಟ್ಟ ಹೆಚ್ಚುವರಿ ವೇಗದ ಬಹುಪಾಲನ್ನು ಗಾಳಿಯೇ ತಿಂದಿರುತ್ತದೆ. ಹಣ ಕೊಟ್ಟು ಕೊಂಡ ವೇಗ ದಾರಿಯಲ್ಲೇ ಖರ್ಚಾಯಿತು, ಅಲ್ವಾ?

ಹಾಗಾದರೆ ಉದ್ದಕ್ಕೂ ಮದ್ದಿಗೂ ಸಂಬಂಧವೇ ಇಲ್ಲವೇ? ಇದೆ. ಇಲ್ಲಿಯ ಹಳಬರು ಬಳಸುವ ಒಂದು ಲೆಕ್ಕವನ್ನು ಡ್ಯಾವೆನ್‌ಪೋರ್ಟ್ ಸೂತ್ರ ಅನ್ನುತ್ತಾರೆ. ನಳಿಗೆಯ ಒಳಗಿನ ಜಾಗವನ್ನು ಘನ ಇಂಚಿನಲ್ಲಿ ಅಳೆದು 11.5ರಿಂದ ಗುಣಿಸಿ. ಬಂದಷ್ಟು ಗ್ರೇನ್ ಮದ್ದನ್ನು ಆ ನಳಿಗೆ ಚೆನ್ನಾಗಿ ಬಳಸಿಕೊಳ್ಳುತ್ತದೆ. .50 ಬೋರಿಗೆ ಮಾಡಿ ನೋಡೋಣ. ಬೋರಿನ ಬಾಯಿಯ ವಿಸ್ತೀರ್ಣ 0.196 ಚದರ ಇಂಚು. 24 ಇಂಚಿಗೆ 54 ಗ್ರೇನ್. 28ಕ್ಕೆ 63. 42ಕ್ಕೆ 95.

ಇದಕ್ಕಿಂತ ಜಾಸ್ತಿ ಹಾಕಿದರೆ ಏನೂ ಸಿಗುವುದಿಲ್ಲ ಎಂದಲ್ಲ. ವೇಗ ಏರುತ್ತದೆ, ಆದರೆ ಹಾಕಿದ ಮದ್ದಿಗೆ ತಕ್ಕಷ್ಟು ಏರುವುದಿಲ್ಲ. ಭುಜಕ್ಕೆ ಬೀಳುವ ಒದೆ, ಹೊಗೆ, ಮಸಿ ಮಾತ್ರ ತಪ್ಪದೆ ಏರುತ್ತವೆ. ಇದು ಸುರಕ್ಷತೆಯ ಮಿತಿ ಅಲ್ಲ ಅನ್ನುವುದೂ ನೆನಪಿರಲಿ. ಎಷ್ಟು ಹಾಕಬಹುದು ಅನ್ನುವ ಕೊನೆಯ ಮಾತು ಕೋವಿ ಮಾಡಿದವರು ಕೊಟ್ಟ ಪುಸ್ತಕದ್ದು. ಈಗಿನ ತೋಟಾಗಳಲ್ಲಿರುವ ಹೊಗೆರಹಿತ ಮದ್ದನ್ನು ಕರಿಮದ್ದಿನ ಕೋವಿಗೆ ಒಂದು ಚಿಟಿಕೆಯೂ ಹಾಕಬೇಡಿ. ನಳಿಗೆ ಸೀಳಿಹೋಗುತ್ತದೆ.

ಹಿಮದ ಮೇಲೆ ಕೋವಿ ಹಾರಿಸಿ, ಮುಂದೆ ಕರಿ ಚುಕ್ಕೆ ಬಿದ್ದರೆ "ನೋಡು, ಮದ್ದು ಉರಿಯದೆ ಹೊರಗೆ ಬಂತು, ನಳಿಗೆ ಗಿಡ್ಡ ಆಯ್ತು" ಅನ್ನುವವರಿದ್ದಾರೆ. ನಾನು ಇದನ್ನು ಅಷ್ಟಾಗಿ ನಂಬುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಮಸಿಯೇ ಆಗುವ ಮದ್ದು ಎಷ್ಟುದ್ದ ನಳಿಗೆಯಲ್ಲೂ ಹಿಮ ಕಪ್ಪು ಮಾಡದೆ ಬಿಡುವುದಿಲ್ಲ.

ಇನ್‌ಲೈನ್ ಕೋವಿಗೆ 50 ಗ್ರೇನಿನ ಗುಳಿಗೆ ಮೂರು ಹಾಕಿ, 150 ಗ್ರೇನ್ ಎಂದು ಮೆರೆಯುವವರಿಗೆ ಮಾತ್ರ 28 ಇಂಚು ಕೆಲಸಕ್ಕೆ ಬಂದೀತು. ಎರಡು ಗುಳಿಗೆಗೆ 24ರಿಂದ 26 ಇಂಚು ಧಾರಾಳ ಸಾಕು.

ಕಣ್ಣು ಮತ್ತು ಸೈಟು

ಉದ್ದ ನಳಿಗೆ ನಿಜವಾಗಿ ಗೆಲ್ಲುವುದು ಇಲ್ಲಿ. ಸೈಟು ಅಂದರೆ ಗುರಿ ಹಿಡಿಯಲು ನಳಿಗೆಯ ಮೇಲೆ ಹಿಂದೊಂದು ಮುಂದೊಂದು ಇರುವ ಗುರುತು. ಕೋವಿಯ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವಿನ ದೂರ ಜಾಸ್ತಿ ಆದಷ್ಟೂ ಗುರಿಯ ತಪ್ಪು ಕಡಿಮೆ. ಲೆಕ್ಕ ಸುಲಭ. ನೀವು ಮುಂದಿನ ಸೈಟನ್ನು ಒಂದು ಇಂಚಿನ ನೂರನೇ ಒಂದು ಭಾಗದಷ್ಟು ಪಕ್ಕಕ್ಕೆ ಹಿಡಿದಿರಿ ಅಂದುಕೊಳ್ಳಿ. ಕಾಲು ಮಿಲಿಮೀಟರು. ಚಳಿಯಲ್ಲಿ ಕೈ ನಡುಗುವಾಗ ಅಷ್ಟು ತಪ್ಪು ಯಾರಿಗೂ ಆಗುತ್ತದೆ. ಸೈಟುಗಳ ನಡುವೆ 18 ಇಂಚು ಇದ್ದರೆ 100 ಯಾರ್ಡಿನಲ್ಲಿ ಗುಂಡು 2 ಇಂಚು ಪಕ್ಕಕ್ಕೆ ಹೋಗುತ್ತದೆ. 36 ಇಂಚು ಇದ್ದರೆ 1 ಇಂಚು. ಕೈ ಅದೇ, ಕಣ್ಣು ಅದೇ, ತಪ್ಪು ಅರ್ಧಕ್ಕೆ ಇಳಿಯಿತು.

ನಲವತ್ತು ದಾಟಿದವರಿಗೆ ಇನ್ನೊಂದು ಲಾಭ. ಚಾಳೀಸು ಬಂದ ಮೇಲೆ ಹತ್ತಿರದ ವಸ್ತು ಮಸುಕಾಗುತ್ತದೆ. ನಾವು ಪೇಪರನ್ನು ಕೈ ಚಾಚಿ ಹಿಡಿದು ಓದುವುದಿಲ್ಲವೇ, ಹಾಗೆ ಹಿಂದಿನ ಸೈಟನ್ನೂ ಕಣ್ಣಿನಿಂದ ದೂರ ತಳ್ಳಬೇಕು. ಗಿಡ್ಡ ನಳಿಗೆಯಲ್ಲಿ ಅದಕ್ಕೆ ಜಾಗ ಇರುವುದಿಲ್ಲ. ಹಿಂದಿನ ಸೈಟು ಮುಂದೆ ಹೋದಷ್ಟೂ ಎರಡರ ನಡುವಿನ ದೂರ ಕಡಿಮೆ ಆಗುತ್ತದೆ. 36 ಅಥವಾ 42 ಇಂಚಿನ ನಳಿಗೆಯಲ್ಲಿ ಹಿಂದಿನ ಸೈಟನ್ನು ನಾಲ್ಕೈದು ಇಂಚು ಮುಂದೆ ಕೂರಿಸಿದರೂ ದೂರ ಬೇಕಾದಷ್ಟು ಉಳಿಯುತ್ತದೆ.

ದುರ್ಬೀನು ಹಾಕುತ್ತೀರಾ? ಹಾಗಾದರೆ ಈ ಇಡೀ ಭಾಗ ಮರೆತುಬಿಡಿ. ದುರ್ಬೀನಿಗೆ ಸೈಟುಗಳ ದೂರದ ಹಂಗೇ ಇಲ್ಲ. ನಿಯಮ ಮೊದಲು ಓದಿ ಎಂದಿದ್ದು ಇದಕ್ಕೇ. ದುರ್ಬೀನು ನಡೆಯುವ ಕಡೆ ಉದ್ದ ನಳಿಗೆ ಕೊಳ್ಳಲು ಇದ್ದ ದೊಡ್ಡ ಕಾರಣವೇ ಬಿದ್ದುಹೋಗುತ್ತದೆ.

ಉದ್ದ ನಳಿಗೆ ತನ್ನಷ್ಟಕ್ಕೆ ಹೆಚ್ಚು ನಿಖರ ಅನ್ನುವುದು ಮಾತ್ರ ತಪ್ಪು ನಂಬಿಕೆ. ಬೆಂಚಿನ ಮೇಲೆ ಭದ್ರವಾಗಿ ಇಟ್ಟು ಹೊಡೆದರೆ 24 ಇಂಚು ಕೂಡ ಅಷ್ಟೇ ಚೆನ್ನಾಗಿ ಹೊಡೆಯುತ್ತದೆ. ನಿಖರತೆ ನೋಡುವುದಾದರೆ ಗುಂಡನ್ನು ತಿರುಗಿಸಲು ನಳಿಗೆಯ ಒಳಗೆ ಕೊರೆದ ಗೀರುಗಳ ತಿರುವು ನೋಡಿ. ದುಂಡು ಉಂಡೆಗೆ 60 ಇಂಚಿಗೆ ಒಂದು ಸುತ್ತು ಆಗುವಂಥ ನಿಧಾನ ತಿರುವು ಒಳ್ಳೆಯದು. ಪ್ಲಾಸ್ಟಿಕ್ ತೊಡುಗೆಯ ಉದ್ದ ಗುಂಡಿಗೆ 28 ಇಂಚಿಗೆ ಒಂದು ಸುತ್ತು. 48 ಎರಡಕ್ಕೂ ಹೊಂದಿಕೊಂಡು ಹೋಗುವ ಸಂಸಾರಸ್ಥ.

ಎಲ್ಲಿ ಕೂರುತ್ತೀರಿ?

ಇಲ್ಲಿ ಸ್ವಲ್ಪ ಇತಿಹಾಸ. ಹದಿನೆಂಟನೇ ಶತಮಾನದಲ್ಲಿ ಜರ್ಮನ್ ಕೋವಿ ಕೆಲಸಗಾರರು ಪೆನ್ಸಿಲ್ವೇನಿಯಾಕ್ಕೆ ಬಂದಾಗ ಜೊತೆಗೆ ತಂದದ್ದು ಗಿಡ್ಡ ನಳಿಗೆಯ ಕೋವಿ, ಹೆಚ್ಚೆಂದರೆ 30 ಇಂಚಿನ ಆಸುಪಾಸು. ಲ್ಯಾಂಕಾಸ್ಟರ್ ಸುತ್ತಮುತ್ತ ಅದೇ ಕೋವಿ ಬೆಳೆದು ಬೆಳೆದು 42, 44, 46 ಇಂಚು ಆಯಿತು. ಕಾಡಿನಲ್ಲಿ ಕಾಲ್ನಡಿಗೆಯಲ್ಲಿ ಹೋಗುವವನಿಗೆ ಅದು ಸರಿ. ನಿಂತಲ್ಲೇ ಬುಡವನ್ನು ನೆಲಕ್ಕೆ ಊರಿ, ಬಗ್ಗದೆ ತುಂಬಬಹುದು. ಆಮೇಲೆ ಜನ ಕುದುರೆ ಏರಿ ಪಶ್ಚಿಮಕ್ಕೆ ಹೊರಟರು. ಕುದುರೆ ಮೇಲೆ ನಾಲ್ಕು ಅಡಿ ನಳಿಗೆ ಯಾರಿಗೆ ಬೇಕು? ಸೇಂಟ್ ಲೂಯಿಸ್‌ನ ಹಾಕನ್ ಸಹೋದರರ ಕೋವಿಗಳ ನಳಿಗೆ ಮತ್ತೆ ಗಿಡ್ಡವಾಯಿತು, ದಪ್ಪವೂ ಆಯಿತು. 1985ರಲ್ಲಿ ಟೋನಿ ನೈಟ್ ಎಂಬವರು ಇನ್‌ಲೈನ್ ಕೋವಿಯನ್ನು ಜನಪ್ರಿಯಗೊಳಿಸಿದ ಮೇಲೆ 24ರಿಂದ 28 ಇಂಚೇ ರೂಢಿ. ಮನುಷ್ಯ ಕೂರುವ ಜಾಗ ಬದಲಾದಾಗಲೆಲ್ಲ ನಳಿಗೆಯೂ ಬದಲಾಗಿದೆ.

ನನ್ನ ಮೊದಲ ಚಳಿಗಾಲದ ಕತೆ ಹೇಳುತ್ತೇನೆ. ಉದ್ದದ ಮೋಹಕ್ಕೆ ಬಿದ್ದು 42 ಇಂಚಿನ ಚಕಮಕಿ ಕೋವಿಯನ್ನು ಎರವಲು ತಂದಿದ್ದೆ. ನೋಡಲು ಎಷ್ಟು ಚಂದ ಅಂದರೆ, ಮನೆಗೆ ಬಂದವರಿಗೆಲ್ಲ ತೋರಿಸಿದ್ದೆ. ಮರದ ಮೇಲೆ ಹದಿನೈದು ಅಡಿ ಎತ್ತರದಲ್ಲಿ ಮರಸು ಕಟ್ಟಿ ಕೂತೆ. ಪಕ್ಕದಲ್ಲೇ ಹೆಮ್ಲಾಕ್ ಮರದ ಕೊಂಬೆ. ಬೆಳಗಿನ ಎಂಟು ಗಂಟೆಗೆ ಎಡಗಡೆಯಿಂದ ಹೆಣ್ಣು ಜಿಂಕೆ ಬಂತು. ಕೋವಿಯನ್ನು ಮೆಲ್ಲಗೆ ತಿರುಗಿಸಿದೆ. ನಳಿಗೆಯ ತುದಿ ಕೊಂಬೆಗೆ ತಾಗಿತು. ಕೊಂಬೆಯ ಮೇಲಿದ್ದ ಹಿಮ ಪೂರಾ ದೊಪ್ ಎಂದು ಕೆಳಗೆ. ಸ್ವಲ್ಪ ಹಿಮ ಬಂದು ಕಿವಿಮದ್ದಿನ ಬಟ್ಟಲಿಗೂ, ಅಂದರೆ ಚಕಮಕಿಯ ಕಿಡಿ ಬೀಳುವ ಮದ್ದಿನ ಬಟ್ಟಲಿಗೂ, ಬಿತ್ತು. ಜಿಂಕೆ ತಲೆಯೆತ್ತಿ ನನ್ನನ್ನು ನೋಡಿತು. ನಾನು ಅದನ್ನು ನೋಡಿದೆ. ಆಮೇಲೆ ಬಿಳಿ ಬಾಲ ಮಾತ್ರ ಕಂಡಿತು.

ಹಾಗಾಗಿ, ಮರಸಿನಲ್ಲಿ ಕೂರುವವರಿಗೆ ನನ್ನ ಸಲಹೆ 24ರಿಂದ 28. ಹತ್ತುವಾಗ ಕೋವಿಯನ್ನು ಕೈಯಲ್ಲಿ ಹಿಡಿಯಬೇಡಿ. ಕೇಪು ತೆಗೆದು, ಚಕಮಕಿಯದಾದರೆ ಬಟ್ಟಲು ಖಾಲಿ ಮಾಡಿ, ಬಾಯಿ ಕೆಳಗೆ ಮಾಡಿ ಹಗ್ಗ ಕಟ್ಟಿ ಆಮೇಲೆ ಮೇಲಕ್ಕೆ ಎಳೆದುಕೊಳ್ಳಿ.

ನೆಲದ ಮೇಲಿನ ಬಟ್ಟೆ ಮರೆಯಲ್ಲಿ ಕೂರುವವರಿಗೆ ಕತೆ ಉಲ್ಟಾ. ಅಲ್ಲಿ ತೀರಾ ಗಿಡ್ಡ ನಳಿಗೆ ಒಳ್ಳೆಯದಲ್ಲ. ನಳಿಗೆಯ ಬಾಯಿ ಕಿಟಕಿಯಿಂದ ಹೊರಗೆ ಇರಲೇಬೇಕು. ಒಳಗೇ ಹಾರಿಸಿದರೆ ಸದ್ದು ಕಿವಿಗೆ ಹೊಡೆಯುತ್ತದೆ, ಹೊಗೆ ತುಂಬಿ ಏನೂ ಕಾಣುವುದಿಲ್ಲ, ಕಿಡಿ ಬಟ್ಟೆಗೆ ತಾಗಬಹುದು. 28 ಇಂಚು ಇದ್ದರೆ ಆರಾಮ.

ಕಾಡಿನಲ್ಲಿ ನಡೆಯುತ್ತಾ, ನಿಲ್ಲುತ್ತಾ ಬೇಟೆಯಾಡುವವರಿಗೆ 32ರಿಂದ 42, ನಿಮ್ಮ ಎತ್ತರ ನೋಡಿಕೊಂಡು. ಮುಂದೆ ಭಾರ ಇರುವ ಕೋವಿ ನಿಂತು ಹೊಡೆಯುವಾಗ ಅಲುಗಾಡುವುದಿಲ್ಲ.

ಭಾರ

ಎಂಟು ಮೂಲೆಯ, ಒಂದು ಇಂಚು ದಪ್ಪದ .50 ನಳಿಗೆಯಲ್ಲಿ ಇಂಚಿಗೆ ಸುಮಾರು 80 ಗ್ರಾಂ ಉಕ್ಕು ಇರುತ್ತದೆ. ನಾಲ್ಕು ಇಂಚು ಜಾಸ್ತಿ ಅಂದರೆ 320 ಗ್ರಾಂ. ಕೇಳಲು ಕಡಿಮೆ. ಆದರೆ ಅದು ಬರುವುದು ತುದಿಯಲ್ಲಿ, ಎಡಗೈ ಹೊರಬೇಕಾದ ಕಡೆ. ಹೊರಗಿನ ದಪ್ಪ ಅದೇ ಇದ್ದು ಬೋರು .54 ಆದರೆ ಕೋವಿ ಹಗುರವಾಗುತ್ತದೆ, ಒಳಗಿನ ತೂತು ದೊಡ್ಡದಾಯಿತಲ್ಲ! 32 ಇಂಚಿಗೆ ಸುಮಾರು 130 ಗ್ರಾಂ ಉಳಿಯುತ್ತದೆ.

ಹಳೆಯ ಉದ್ದ ಕೋವಿಗಳು ಹೊರಲು ಆಗುವಷ್ಟು ಹಗುರ ಇದ್ದದ್ದು ಹೇಗೆ ಅಂದರೆ, ಆ ನಳಿಗೆಗಳು ಬುಡದಲ್ಲಿ ದಪ್ಪ, ಮುಂದೆ ಸಾಗಿದಂತೆ ಸಣ್ಣ, ಬಾಯಿಯ ಹತ್ತಿರ ಮತ್ತೆ ಚೂರು ಅಗಲ. ಈಗಲೂ ಅಂಥವು ಸಿಗುತ್ತವೆ, ದುಡ್ಡು ಜಾಸ್ತಿ. 42 ಇಂಚು ಬೇಕೇ ಬೇಕು ಅನ್ನುವವರು ಅದನ್ನೇ ಕೊಳ್ಳಿ. ಒಂದೇ ದಪ್ಪದ 42 ಇಂಚಿನ ಕೋವಿ ಹೊರುವುದು ಹಾರೆಕೋಲು ಹೊತ್ತಂತೆ.

ತುಂಬುವ ಕೆಲಸ ಮತ್ತು ಗಜ

ನಮ್ಮಲ್ಲಿ ಗಜ ಅಂದರೆ ಅಳತೆಯೂ ಹೌದು, ಕೋವಿಗೆ ಮದ್ದು ಜಡಿಯುವ ಕಡ್ಡಿಯೂ ಹೌದು. ಇಲ್ಲಿ ಹೇಳುತ್ತಿರುವುದು ಕಡ್ಡಿಯ ಮಾತು.

42 ಇಂಚಿನ ನಳಿಗೆ ಇರುವ ಕೋವಿಯ ಒಟ್ಟು ಉದ್ದ ಸುಮಾರು 58 ಇಂಚು. ಐದಡಿ ನಾಲ್ಕಿಂಚಿನವರು ಅದನ್ನು ನೆಲಕ್ಕೆ ಊರಿ ನಿಂತರೆ ಬಾಯಿ ಗದ್ದದ ಹತ್ತಿರ ಬರುತ್ತದೆ. ಮದ್ದು ಹಾಕುವಾಗ ಮುಖ ನಳಿಗೆಯ ಮೇಲೆ ಇರಬಾರದು. ಹಾಗಾಗಿ ಕೋವಿಯನ್ನು ಓರೆ ಮಾಡಿ, ಕೈ ಮೇಲೆತ್ತಿ ತುಂಬಬೇಕು. ಗಿಡ್ಡ ಆಳಿಗೆ ಇದು ತ್ರಾಸ. ಮದ್ದಿನ ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿಯಬೇಡಿ. ಒಳಗೆ ಒಂದು ಕಿಡಿ ಉಳಿದಿದ್ದರೆ ಇಡೀ ಕೊಂಬು ಕೈಯಲ್ಲೇ ಸಿಡಿಯುತ್ತದೆ. ಅಳತೆ ಕೊಳವೆಗೆ ಹಾಕಿ, ಅದರಿಂದ ನಳಿಗೆಗೆ.

ಗಜಕ್ಕೆ ಎರಡು ಗೀಟು ಹಾಕಿ. ಖಾಲಿ ನಳಿಗೆಯಲ್ಲಿ ಎಲ್ಲಿಗೆ ಬರುತ್ತದೆ, ಈಡು ತುಂಬಿದಾಗ ಎಲ್ಲಿಗೆ ಬರುತ್ತದೆ. ಎರಡನೇ ಗೀಟು ನಳಿಗೆಯ ಬಾಯಿಗಿಂತ ಮೇಲೆ ನಿಂತರೆ ಗುಂಡು ಮದ್ದಿನ ಮೇಲೆ ಕೂತಿಲ್ಲ ಎಂದರ್ಥ. ನಡುವೆ ಜಾಗ ಬಿಟ್ಟು ಹಾರಿಸಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಒಂದು ಕೋವಿಯ ಗಜವನ್ನು ಬೇರೆ ಉದ್ದದ ಕೋವಿಗೆ ಬಳಸಿದರೆ ಈ ಗೀಟು ಸುಳ್ಳು ಹೇಳುತ್ತದೆ.

ಅದೇ ಗಜದಿಂದ ಅಂಗಡಿಯಲ್ಲೂ ಒಂದು ಕೆಲಸ ಇದೆ. ಕೋವಿ ಖಾಲಿ ಎಂದು ಅಂಗಡಿಯವರೇ ತೋರಿಸಿದ ಮೇಲೆ ಗಜ ಇಳಿಸಿ, ಬೆರಳಿಟ್ಟು ಗುರುತು ಮಾಡಿ, ಹೊರಗೆ ತೆಗೆದು ಅಳೆಯಿರಿ. ಇನ್‌ಲೈನ್ ಕೋವಿಯಲ್ಲಿ ಚೀಟಿಯ ಮೇಲೆ 26 ಇಂಚು ಅಂತ ಇದ್ದರೂ ನಳಿಗೆಯ ಬುಡ ಮುಚ್ಚುವ ಬಿರಡೆ, ಅಂದರೆ ಬ್ರೀಚ್ ಪ್ಲಗ್, ಒಂದೆರಡು ಇಂಚು ತಿಂದಿರುತ್ತದೆ. ಗುಂಡು ಓಡುವ ದಾರಿ ಅಷ್ಟು ಕಡಿಮೆ. ಹಾಗೆಯೇ ನಳಿಗೆ ಉದ್ದ ಒಂದೇ ಇದ್ದರೂ ಒಟ್ಟು ಉದ್ದ ಬೇರೆ ಇರಬಹುದು. ನಡುವೆ ಮುರಿದು ಬಾಗುವ ಕೋವಿ, ಹಿಂದೆ ಎಳೆದು ತಳ್ಳುವ ಬೋಲ್ಟ್ ಇರುವುದಕ್ಕಿಂತ ಗಿಡ್ಡ ಇರುತ್ತದೆ. ಚೀಟಿ ನೋಡಿ ಹೋಲಿಸಬೇಡಿ, ಟೇಪು ಹಿಡಿಯಿರಿ.

"ಉದ್ದದ್ದೇ ಕೊಳ್ಳೋಣ, ಬೇಡವಾದರೆ ಕತ್ತರಿಸಿದರಾಯ್ತು" ಅನ್ನುವ ಯೋಚನೆ ಸುಮ್ನೆ ಬಿಟ್ಟುಬಿಡಿ. ಕತ್ತರಿಸಿದ ಬಾಯಿಯನ್ನು ಎಲ್ಲ ಕಡೆ ಸಮವಾಗಿ ತೀಡಬೇಕು, ಇಲ್ಲದಿದ್ದರೆ ಗುಂಡು ಎಲ್ಲೆಲ್ಲೋ ಹೋಗುತ್ತದೆ. ಮುಂದಿನ ಸೈಟಿಗೆ ಹೊಸ ಕಚ್ಚು ಕೊರೆಯಬೇಕು, ಗಜ ಗಿಡ್ಡ ಮಾಡಬೇಕು. ಖರ್ಚಿನಲ್ಲಿ ಇನ್ನೊಂದು ಕೋವಿಯ ಅರ್ಧ ಬಂದುಬಿಡುತ್ತದೆ.

ಕೊಳ್ಳುವ ಮೊದಲು ಒಂದು ಕೋಲು

ಇದಕ್ಕೆ ಪೈಸೆ ಖರ್ಚಿಲ್ಲ. ನಿಮಗೆ ಬೇಕೆನಿಸಿದ ನಳಿಗೆ ಉದ್ದಕ್ಕೆ 16 ಇಂಚು ಸೇರಿಸಿ. 28ಕ್ಕೆ 44, 42ಕ್ಕೆ 58. ಅಷ್ಟುದ್ದದ ಕೋಲು ಕತ್ತರಿಸಿ. ಅದನ್ನು ಹಿಡಿದು ನೀವು ನಿಜವಾಗಿ ಕೂರುವ ಕಡೆ ಹೋಗಿ ಕೂರಿ. ದಪ್ಪ ಜಾಕೆಟ್ಟು ಹಾಕಿಕೊಳ್ಳಿ, ಅದು ಭುಜದಲ್ಲಿ ಒಂದು ಇಂಚು ತಿನ್ನುತ್ತದೆ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ. ಕೋಲು ಏನಕ್ಕಾದರೂ ತಾಗುತ್ತದೆಯೇ? ಈಗ ಎರಡನೇ ಈಡು ತುಂಬುವ ನಟನೆ ಮಾಡಿ, ಕಾಲುಗಳ ನಡುವೆ ಕೋಲು ಇಟ್ಟು, ಗಜ ಎಳೆಯಲು ಕೈ ಎಷ್ಟು ಮೇಲೆ ಹೋಗಬೇಕೋ ಅಷ್ಟು ಎತ್ತಿ. ಉದ್ದ ನಳಿಗೆಗೆ ಕೈ ಸಾಲದೆ ಎದ್ದು ನಿಲ್ಲಬೇಕಾಗಿ ಬರುತ್ತದೆ. ಮರದ ಮೇಲೆ ಎದ್ದು ನಿಲ್ಲುತ್ತೀರಾ?

ನಾನು ಮೂರು ಕೋಲು ಮಾಡಿದ್ದೆ. ಕೊನೆಗೆ ಕೊಂಡದ್ದು 32 ಇಂಚಿನ .54. ಚಾಳೀಸು ಕಣ್ಣಿಗೆ ಸೈಟು ಕಾಣುತ್ತದೆ, ಹೆಮ್ಲಾಕ್ ಕೊಂಬೆಗೆ ತಾಗುವುದಿಲ್ಲ. ಮರಸು ಬಿಟ್ಟು ಈಗ ಮರದ ಬುಡದಲ್ಲೇ ಕೂರುತ್ತೇನೆ ಅನ್ನುವುದೂ ಒಂದು ಕಾರಣ. 58 ಇಂಚಿನ ಕೋಲು ಅಡುಗೆಮನೆ ಮೂಲೆಯಲ್ಲಿದೆ. ನನ್ನಾಕೆ ಅದರ ತುದಿಗೆ ಬಟ್ಟೆ ಸುತ್ತಿ ಜೇಡರ ಬಲೆ ತೆಗೆಯುತ್ತಾಳೆ. ಆ ಕೆಲಸಕ್ಕೆ ಉದ್ದ ಇದ್ದಷ್ಟೂ ಒಳ್ಳೆಯದಂತೆ.